ಪಿಚ್ ಸಮವಾಗಿರತಕ್ಕದ್ದು

ಕ್ರೀಡಾಂಗಣದ ಹಿಂದುಗಡೆ ಸಿಬ್ಬಂದಿಗೆಂದು ಕಟ್ಟಿಸಿದ ಸಾಲಿನಲ್ಲಿ ಒಟ್ಟು ಆರು ಮನೆ. ಐದು ಮನೆಯವರು ಒಟ್ಟುಗೂಡಿದಾಗೆಲ್ಲ ಆರನೆಯ ಮನೆಯವನ ಬಗ್ಗೆ ಮಾತಾಡುತ್ತಿದ್ದರು.

"ಪಿಚ್ಚಣ್ಣ ಬೆಳಿಗ್ಗೆ ಎದ್ದು ಹೆಂಡತಿ ಮುಖ ನೋಡೋದಿಲ್ಲ ಕಣೇ, ಮಣ್ಣಿನ ಮುಖ ನೋಡ್ತಾನೆ" ಎಂದು ಪಂಪ್‌ಹೌಸಿನವನ ಹೆಂಡತಿ.

"ಬರೀ ನೋಡೋದಾದ್ರೆ ಪರವಾಗಿಲ್ವೇ, ಮೂಸ್ತಾನೆ" ಎಂದು ಗೇಟು ಕಾಯುವವನ ಅತ್ತೆ.

ಸ್ಕೋರ್‌ಬೋರ್ಡಿನವನದು ಕಣ್ಣಾರೆ ಕಂಡ ಸಾಕ್ಷಿ. ಅವನು ಕೂರುವುದೇ ಎತ್ತರದಲ್ಲಿ. "ಮಂಡಿಯೂರಿ ಕೂತ್ಕೊಂಡು ಮಾತಾಡಿಸ್ತಾನೆ ಅಂತೀನಿ. 'ಯಾಕಮ್ಮಾ ಒಣಗಿದೀಯ, ನೀರು ಬೇಕಾ' ಅಂತ. ಅವನ ಹೆಂಡತಿ, ನಮ್ಮ ಅತ್ತಿಗೆ, ಜ್ವರ ಬಂದು ಮಲಗಿದ್ದಾಗ ಹೀಗೊಂದು ಮಾತು ಕೇಳಿದ್ದಾನಾ ವಿಚಾರಿಸಿ."

ಪಿಚ್ ನೋಡಿಕೊಳ್ಳುವ ಅಣ್ಣ, ಹಾಗಾಗಿ ಪಿಚ್ಚಣ್ಣ. ಅವನ ಮೇಲೆ ಸಿಟ್ಟು ಬಂದವರು ಮೊದಲ ಅಕ್ಷರವನ್ನಷ್ಟೇ ಬದಲಿಸಿ ಹುಚ್ಚಣ್ಣ ಎನ್ನುತ್ತಿದ್ದರು. ಅವನಿಗೆ ಎರಡೂ ಒಂದೇ. ಎರಡಕ್ಕೂ "ಹ್ಞೂಂ" ಎಂದು ಓಗೊಟ್ಟು, ಕೈಯಲ್ಲಿದ್ದ ಬೀಗದ ಕೈಯನ್ನು ತಿರುಗಿಸುತ್ತ ಮೈದಾನಕ್ಕೆ ಇಳಿಯುತ್ತಿದ್ದ.

ಆ ಬೀಗದ ಕೈಯ ವಿಷಯ ಮೊದಲೇ ಹೇಳಿಬಿಡಬೇಕು. ಅದು ಅವನ ಮನೆಯದೇ. ಹಳೆಯ ಕಬ್ಬಿಣದ್ದು, ಅಂಗೈ ಉದ್ದ. ಅದರ ತುದಿಯನ್ನು ಪಿಚ್‌ಗೆ ಒತ್ತಿ ನೋಡುವುದೇ ಅವನ ವಿದ್ಯೆ. ಅರ್ಧ ಉಗುರಿನಷ್ಟು ಇಳಿದರೆ ಹದ. ಸರ್ರನೆ ಇಳಿದರೆ ನೀರು ಹೆಚ್ಚಾಗಿದೆ, ಇನ್ನೊಂದು ದಿನ ಬಿಸಿಲು ಕಾಯಲಿ. ಇಳಿಯದೇ ಹೋದರೆ ಮಣ್ಣು ಸತ್ತಿದೆ, ಹೂವು ತರಬಹುದು. ಆಫೀಸಿನವರು ತೇವ ಅಳೆಯುವುದಕ್ಕೆ ಮುಳ್ಳು, ಗಾಜು, ಕೆಂಪು ದೀಪ ಎಲ್ಲ ಇರುವ ಒಂದು ಯಂತ್ರ ತರಿಸಿದ್ದರು. ಅದಕ್ಕೆ ಧೂಳು ತಾಗಬಾರದೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮಣ್ಣಿಗೆ ತಾಗಿಸುವ ಮಾತಂತೂ ದೂರ.

ಮೂವತ್ತೊಂದು ವರ್ಷ ಮಣ್ಣಿಗೆ ಒತ್ತಿ ಒತ್ತಿ ಆ ಕೈಯ ತುದಿ ಸವೆದು ಮೊಂಡಾಗಿತ್ತು. ಪಿಚ್ ಬಗ್ಗೆ ಸರಿಯಾಗಿ ಹೇಳುತ್ತಿತ್ತು, ಬಾಗಿಲು ಮಾತ್ರ ತೆಗೆಯುತ್ತಿರಲಿಲ್ಲ. ಪೇಟೆಯಿಂದ ಎರಡು ಕೈಯಲ್ಲೂ ಚೀಲ ಹಿಡಿದು ಬಂದ ಹೆಂಡತಿ ಬಾಗಿಲ ಮುಂದೆ ನಿಂತು ಕೂಗುತ್ತಿದ್ದಳು: "ರೀ, ಬನ್ರೀ! ನಿಮ್ಮ ಮಣ್ಣು ತಿಂದು ಉಳಿದಿದ್ದನ್ನ ನನಗೆ ಕೊಟ್ಟಿದೀರಲ್ಲ, ನೀವೇ ಬಂದು ತೆಗೀರಿ!"

ಅವನು ಮೈದಾನದಿಂದಲೇ ಕೂಗುತ್ತಿದ್ದ: "ಒಂಚೂರು ಮೇಲೆತ್ತಿ ಸಮ ಹಿಡಿಯೇ. ಸಮ! ಸಮ ಹಿಡಿದ್ರೆ ತಿರುಗುತ್ತೆ."

"ಮೂವತ್ತು ವರ್ಷದಿಂದ ಹಿಡಿದಿದೀನಿ. ಇನ್ನೂ ಎಷ್ಟು ಸಮ ಹಿಡೀಲಿ?"

*

ಮೊದಮೊದಲು ಪಿಚ್ಚಣ್ಣ ಮಾಡುತ್ತಿದ್ದ ಪಿಚ್‌ಗೆ ಮನುಷ್ಯರ ಹಾಗೆ ವಯಸ್ಸಾಗುತ್ತಿತ್ತು. ನಾಲ್ಕು ದಿನದ ಪಂದ್ಯವೆಂದರೆ ಮೊದಲ ದಿನ ಬೆಳಿಗ್ಗೆ ಅದಕ್ಕೆ ತುಂಟ ಮಕ್ಕಳ ಬುದ್ಧಿ. ಹುಲ್ಲಿನ ಬುಡದಲ್ಲಿ ತೇವ, ಚೆಂಡು ಒಮ್ಮೆ ಒಳಗೆ, ಒಮ್ಮೆ ಹೊರಗೆ. ವೇಗದ ಬೌಲರುಗಳಿಗೆ ಸುಗ್ಗಿ. ಎರಡನೆಯ ದಿನಕ್ಕೆ ಬುದ್ಧಿ ಬಂದು, ಮದುವೆಯಾದವರ ಹಾಗೆ ನೆಟ್ಟಗೆ ನಡೆಯುತ್ತಿತ್ತು. ಆಗ ಬ್ಯಾಟ್ಸ್‌ಮನ್ನರ ಸರದಿ. ನಾಲ್ಕನೆಯ ದಿನ ಮುಖದ ತುಂಬ ಸುಕ್ಕು, ಮಾತಿಗೆ ಮಾತು ತಿರುವುವ ಚಾಳಿ. ಸ್ಪಿನ್ನರುಗಳು ಕೈ ಉಜ್ಜಿಕೊಂಡು ಬರುತ್ತಿದ್ದರು. ಮನೆಗೆ ಬಂದವರು ಯಾರೇ ಆಗಲಿ, ಒಂದು ಲೋಟ ಚಹಾ ಕುಡಿಯದೆ ಹೋಗಬಾರದು ಎಂಬುದು ಪಿಚ್ಚಣ್ಣನ ಲೆಕ್ಕಾಚಾರ. ಯಾರಿಗೂ ಎರಡು ಲೋಟ ಇಲ್ಲ.

ಆಮೇಲೆ ಹೊಸ ಕಾರ್ಯದರ್ಶಿ ಬಂದರು. ಅವರು ಬಂದು ಈಗ ಹನ್ನೊಂದು ವರ್ಷ.

ಕಾರ್ಯದರ್ಶಿಗಳು ಕ್ರಿಕೆಟ್‌ಗಾಗಿ ಪ್ರಾಣವನ್ನೇ ಕೊಡುವವರು, ಆಡುವುದೊಂದನ್ನು ಬಿಟ್ಟು. ಅವರಿಗೊಬ್ಬ ಬಾಮೈದ. ಅವನು ಆಡುತ್ತಿದ್ದ. ಇನಿಂಗ್ಸ್ ಶುರುಮಾಡುವ ಬ್ಯಾಟ್ಸ್‌ಮನ್. ಚೆಂಡು ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ, ಮೊದಲೇ ಹೇಳಿ ಕಳಿಸಿದ ಹಾಗೆ ಬಂದರೆ ಅವನಷ್ಟು ಚೆಂದದ ಆಟಗಾರ ಇನ್ನೊಬ್ಬನಿಲ್ಲ. ಚೆಂಡು ಸ್ವಲ್ಪ ಸ್ವಂತ ಬುದ್ಧಿ ತೋರಿಸಿದರೆ ಮಾತ್ರ ಅವನಿಗೆ ಬೇಜಾರಾಗಿಬಿಡುತ್ತಿತ್ತು; ಪೆವಿಲಿಯನ್ನಿಗೆ ಬಂದು ಕೂರುತ್ತಿದ್ದ. ಇಷ್ಟು ಸೂಕ್ಷ್ಮ ಮನಸ್ಸಿನವನಿಗೆ ತೊಂದರೆ ಕೊಡುವುದು ಸರಿಯೇ?

"ಜನ ಏನಕ್ಕೆ ಬರ್ತಾರೆ ಪಿಚ್ಚಣ್ಣ?" ಎಂದು ಕಾರ್ಯದರ್ಶಿಗಳು ಮೊದಲ ವಾರವೇ ಕರೆದು ಕೇಳಿದರು.

"ಆಟ ನೋಡೋಕೆ ಸಾರ್."

"ಅಲ್ಲ. ಸಿಕ್ಸರ್ ನೋಡೋಕೆ. ಪಿಚ್ ಅಂದ್ರೆ ರಸ್ತೆ ಇದ್ದ ಹಾಗಿರಬೇಕು. ಅರ್ಥ ಆಯ್ತಾ?"

"ಯಾವ ರಸ್ತೆ ಸಾರ್? ನಮ್ಮ ಆಫೀಸಿನ ಮುಂದಿಂದಾ?" ಆಫೀಸಿನ ಮುಂದಿನ ರಸ್ತೆಯಲ್ಲಿ ಮೊಳಕಾಲುದ್ದದ ಗುಂಡಿಗಳಿದ್ದವು.

ಕಾರ್ಯದರ್ಶಿಗಳು ನಗಲಿಲ್ಲ. ಅವರು ಆದೇಶ ಕೊಡುವವರೂ ಅಲ್ಲ. "ನಾನೇನೂ ಹೇಳೋದಿಲ್ಲಪ್ಪ, ನೀವೇ ನೋಡ್ಕೊಳ್ಳಿ" ಎನ್ನುವವರು. ಹನ್ನೊಂದು ವರ್ಷ ಅವರು ಏನೂ ಹೇಳದೆಯೇ ಪಿಚ್ಚಣ್ಣ ಹುಲ್ಲನ್ನು ಬುಡಮಟ್ಟ ಬೋಳಿಸಿದ. ನೀರು ಹೀರಿಸಿ, ಭಾರದ ರೋಲರನ್ನು ದಿನಕ್ಕೆ ಎರಡು ಹೊತ್ತು ಹಾಯಿಸಿ, ಮಣ್ಣಿನ ಉಸಿರು ನಿಲ್ಲುವ ತನಕ ಒಣಗಿಸಿದ. ಪಿಚ್ ತಳತಳ ಹೊಳೆಯುತ್ತಿತ್ತು, ಆಸ್ಪತ್ರೆಯ ನೆಲದ ಹಾಗೆ. ಬೀಗದ ಕೈ ಒತ್ತಿದರೆ ಟಣ್ ಎನ್ನುತ್ತಿತ್ತು. ಅದರ ತುದಿ ಅರ್ಧ ಸವೆದದ್ದೇ ಆ ಹನ್ನೊಂದು ವರ್ಷದಲ್ಲಿ.

ಆಮೇಲೆ ಬಂದ ಸುಖವನ್ನು ಏನೆಂದು ಹೇಳುವುದು! ಬಾಮೈದ ಮೂರು ಸಲ ಮುನ್ನೂರು ದಾಟಿದ. ಹೆಸರೇ 'ಮುನ್ನೂರು' ಎಂದಾಯಿತು. ಎಲ್ಲ ಪಂದ್ಯವೂ ಡ್ರಾ. ಸೋಲುವ ದುಃಖ ಯಾರಿಗೂ ಇಲ್ಲ, ಗೆಲ್ಲುವ ಜಂಬವೂ ಯಾರಿಗೂ ಇಲ್ಲ. ಬೌಲರ್ ಎಂದರೆ ಚೆಂಡನ್ನು ಬ್ಯಾಟಿನ ತನಕ ತಲುಪಿಸುವ ಅಂಚೆಯವನು; ಅಂಚೆಯವನಿಗಾದರೂ ಯಾವುದಾದರೊಂದು ಮನೆಯಲ್ಲಿ ಕುಡಿಯಲು ನೀರು ಕೊಡುತ್ತಾರೆ. ಮುನ್ನೂರು ಮಾತ್ರ ಬೇರೆ ಊರಿನ ಮೈದಾನಕ್ಕೆ ಹೋದಾಗೆಲ್ಲ ಹನ್ನೆರಡು, ಏಳು, ಸೊನ್ನೆ ಎಂದು ಹೊಡೆದು ಬಂದು, "ಅಲ್ಲಿ ಪಿಚ್ ಸರಿಯಿಲ್ಲ" ಎನ್ನುತ್ತಿದ್ದ. ಪಾಪ, ಜಗತ್ತಿನಲ್ಲಿ ಸರಿಯಾದ ಪಿಚ್ ಇದ್ದದ್ದು ಅವನ ಭಾವನ ಮೈದಾನದಲ್ಲಿ ಒಂದೇ.

ಸ್ಕೋರ್‌ಬೋರ್ಡಿನವನಿಗೆ ಎಡ ತೋಳು ಹಿಡಿದುಕೊಂಡಿತು. ತಗಡಿನ ಅಂಕಿ ಬದಲಿಸಿ ಬದಲಿಸಿಯೇ. ವಿಕೆಟ್ ತೋರಿಸುವ ಸಾಲಿಗೆ ಬೇರೆಯೇ ಸಣ್ಣ ತಗಡುಗಳಿದ್ದವು. ಅದರಲ್ಲಿ ಏಳು, ಎಂಟು, ಒಂಬತ್ತನ್ನು ವರ್ಷಗಟ್ಟಲೆ ಪೆಟ್ಟಿಗೆಯಿಂದ ಹೊರಗೆ ತೆಗೆಯಲೇ ಇಲ್ಲ. ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡವು.

"ಪಿಚ್ಚಣ್ಣಾ, ಒಂಬತ್ತು ಅನ್ನೋ ಅಂಕಿ ಹೇಗೆ ಬರೀತಾರೋ ಮರೆತೇ ಹೋಯ್ತು ಕಣೋ" ಎನ್ನುತ್ತಿದ್ದ.

ಪಿಚ್ಚಣ್ಣ ಅವನ ಮುಖ ನೋಡುತ್ತಿರಲಿಲ್ಲ.

*

ಇದೆಲ್ಲ ಬೇರೆಯವರ ಹೊಟ್ಟೆನೋವು ಎಂದು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಪಿಚ್ಚಣ್ಣನ ಒಬ್ಬಳೇ ಮಗಳ ಗಂಡ ಬೌಲರ್ ಆಗಿದ್ದ.

ಅಳಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ವರ್ಕ್‌ಶಾಪ್ ತಂಡಕ್ಕೆ ವೇಗದ ಬೌಲರ್. ಆ ತಂಡದ ಪಂದ್ಯಗಳೂ ಇದೇ ಮೈದಾನದಲ್ಲಿ, ಇದೇ ಮಾವ ಮಾಡಿಟ್ಟ ಪಿಚ್‌ನಲ್ಲಿ. ಒಂದು ಸಲ ಎರಡು ದಿನ ಬಿಸಿಲಲ್ಲಿ ನಲವತ್ತಮೂರು ಓವರ್ ಹಾಕಿ, ನೂರ ಎಪ್ಪತ್ತೊಂದು ರನ್ ಕೊಟ್ಟು, ಒಂದೂ ವಿಕೆಟ್ ಸಿಗದೆ ಕಾಲೆಳೆದುಕೊಂಡು ಮಾವನ ಮನೆಗೇ ಊಟಕ್ಕೆ ಬಂದ. ದೂರವಾದರೂ ಎಲ್ಲಿ, ಬೌಂಡರಿ ಗೆರೆ ದಾಟಿದರೆ ಮಾವನ ಮನೆ. ಮುನ್ನೂರು ಹೊಡೆದ ಚೆಂಡು ಎಷ್ಟೋ ಸಲ ಅವನಿಗಿಂತ ಮೊದಲೇ ಆ ಮನೆ ಸೇರುತ್ತಿತ್ತು.

ಅತ್ತೆ ಬಕೆಟಿನಲ್ಲಿ ಬಿಸಿನೀರು ತಂದಿಟ್ಟು ಗಂಡನ ಕಡೆ ತಿರುಗಿದಳು: "ನೀವೇ ತಿಕ್ಕಿ ಅಳಿಯಂದಿರ ಕಾಲು. ನೀವು ಕೊಟ್ಟ ನೋವು ತಾನೇ."

"ಅಯ್ಯೋ ಬಿಡಿ ಅತ್ತೆ, ಮಾವ ಏನ್ ಮಾಡ್ತಾರೆ" ಎಂದು ಅಳಿಯ ಕಾಲು ಮಡಚಿಕೊಂಡ. ಅವನು ಒಳ್ಳೆಯವನು. ಅದೇ ದೊಡ್ಡ ಕಷ್ಟ. ಬೈದಿದ್ದರೆ ಪಿಚ್ಚಣ್ಣನಿಗೆ ನಿದ್ದೆಯಾದರೂ ಬರುತ್ತಿತ್ತು.

ಮಗಳಿಗೆ ಆ ಒಳ್ಳೆಯತನವಿರಲಿಲ್ಲ. "ಅಪ್ಪಾ, ಒಂದು ಮಾತು. ಹೀಗೆ ಪಿಚ್ ಮಾಡೋದೇ ಆಗಿದ್ರೆ ನನಗೆ ಗಂಡು ನೋಡುವಾಗ ಬ್ಯಾಟ್ಸ್‌ಮನ್ ನೋಡಬಾರದಾಗಿತ್ತಾ?"

"ನೋಡಿದಾಗ ಪಿಚ್ ಬೇರೆ ಥರ ಇತ್ತಮ್ಮ" ಎಂದ ಪಿಚ್ಚಣ್ಣ.

ಅದೂ ನಿಜವೇ. ಅಳಿಯನನ್ನು ಮೊದಲು ಕಂಡದ್ದು ಹಳೆಯ ಹುಲ್ಲಿನ ಪಿಚ್ ಮೇಲೆ, ಒಂದು ಬೆಳಿಗ್ಗೆ ಐದು ವಿಕೆಟ್ ತೆಗೆದಾಗ. ಈ ಹುಡುಗನಿಗೆ ಮಣ್ಣಿನ ಜೊತೆ ಮಾತಾಡಲು ಬರುತ್ತದೆ ಎಂದುಕೊಂಡು ಹೆಣ್ಣು ಕೊಟ್ಟಿದ್ದ. ಮದುವೆಯಾದ ಮಾರನೆಯ ವರ್ಷವೇ ಮಣ್ಣಿನ ಬಾಯಿ ಕಟ್ಟಿದ.

*

ಪಿಚ್ಚಣ್ಣನ ನಿವೃತ್ತಿಗೆ ಒಂದು ತಿಂಗಳಿತ್ತು. ಅದಕ್ಕೆ ಮೊದಲು ಉಳಿದದ್ದು ಒಂದೇ ಪಂದ್ಯ, ಕಪ್ಪಿನ ಕೊನೆಯದು. ಕಾರ್ಯದರ್ಶಿಗಳ ತಂಡಕ್ಕೂ ವರ್ಕ್‌ಶಾಪ್ ತಂಡಕ್ಕೂ. ಮೈದಾನಕ್ಕೆ ಐವತ್ತು ವರ್ಷ ತುಂಬಿದ ಸಂಭ್ರಮವೂ ಅದರಲ್ಲೇ ಸೇರಿತ್ತು. ಮುನ್ನೂರು ಇನ್ನೂ ನೂರು ಮುಂದೆ ಹೋಗಿ 'ನಾನೂರು' ಆಗಲಿ ಎಂಬುದು ಕಾರ್ಯದರ್ಶಿಗಳ ಮನೆಯವರೆಲ್ಲರ ಆಸೆ. ಸಿಕ್ಸರ್ ಎಣಿಸುವುದಕ್ಕೆಂದೇ ಹೊಸದಾಗಿ ಒಂದು ಬೋರ್ಡ್ ಮಾಡಿಸಿದ್ದರು. ಅದರಲ್ಲಿ ಮೂರು ಅಂಕಿಗೆ ಜಾಗ.

ಕಾರ್ಯದರ್ಶಿಗಳು ಪಿಚ್ಚಣ್ಣನನ್ನು ಕರೆಸಿ ಕುರ್ಚಿ ತೋರಿಸಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

"ನಿಮ್ಮಂಥವರು ಸಿಗೋದಿಲ್ಲ ಪಿಚ್ಚಣ್ಣ. ಈ ಪಂದ್ಯ ಒಂದು ನಾವಂದುಕೊಂಡ ಹಾಗೆ ಆಗಲಿ, ಎರಡು ವರ್ಷ ಕೆಲಸ ಮುಂದುವರಿಸ್ತೀನಿ. ಮನೆನೂ ಬಿಡೋದು ಬೇಡ. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತೀರಿ?"

ಪಿಚ್ಚಣ್ಣನಿಗೆ ನಿಜವಾಗಿಯೂ ಹೋಗಲು ಜಾಗವಿರಲಿಲ್ಲ. ಮೂವತ್ತೊಂದು ವರ್ಷ ಇದ್ದ ಮನೆ. ಅಡುಗೆಮನೆಯ ಕಿಟಕಿಯಿಂದ ಪಿಚ್ ಕಾಣುತ್ತಿತ್ತು. ಆದರೆ ವರ್ಕ್‌ಶಾಪಿನ ಮ್ಯಾನೇಜರು ಅಳಿಯನಿಗೆ ಹೇಳಿದ್ದ ಮಾತೂ ಅವನ ಕಿವಿಯಲ್ಲಿತ್ತು: 'ಹನ್ನೊಂದು ವರ್ಷದಿಂದ ಓಡಿ ಓಡಿ ಏನು ಕಡಿದು ಹಾಕಿದ್ದೀಯ? ಈ ಪಂದ್ಯದಲ್ಲೂ ವಿಕೆಟ್ ಬೀಳದಿದ್ರೆ ತಂಡದಿಂದ ಹೊರಗೆ.' ಅಳಿಯ ಅದನ್ನು ಮಾವನಿಗೆ ಹೇಳಿರಲಿಲ್ಲ. ಮಗಳು ಬಿಡುತ್ತಾಳೆಯೇ?

"ನಾವಂದುಕೊಂಡ ಹಾಗೆ ಅಂದ್ರೆ ಹೇಗೆ ಸಾರ್?" ಎಂದ.

"ನಾನೇನೂ ಹೇಳೋದಿಲ್ಲಪ್ಪ, ನೀವೇ ನೋಡ್ಕೊಳ್ಳಿ."

"ಈ ಸಲ ಬರೆದು ಕೊಡಿ ಸಾರ್."

ಕಾರ್ಯದರ್ಶಿಗಳಿಗೆ ಆಶ್ಚರ್ಯವಾಯಿತು. ಆದರೆ ಸಂಭ್ರಮದ ಹೊತ್ತು, ಮನಸ್ಸು ಉದಾರವಾಗಿತ್ತು. ಒಳಗಿದ್ದ ಗುಮಾಸ್ತನನ್ನು ಕೂಗಿ, "ರೀ, ಪಿಚ್ ಪೂರ್ತಿ ಫ್ಲಾಟ್ ಇರಬೇಕು ಅಂತ ಇವರಿಗೊಂದು ಕಾಗದ ಟೈಪ್ ಮಾಡ್ಕೊಡಿ" ಎಂದು ಯಾರೋ ಅತಿಥಿಗಳನ್ನು ಕರೆತರಲು ಹೊರಟುಹೋದರು.

ಗುಮಾಸ್ತ ಭಾಷೆಯ ಮೇಲೆ ಪ್ರಾಣ ಇಟ್ಟವನು. ಸರ್ಕಾರಿ ಕಾಗದ ಶುದ್ಧವಾಗಿರಬೇಕು ಎಂಬುದು ಅವನ ಹಟ. 'ಫ್ಲಾಟ್' ಎಂದು ಹಾಗೇ ಬರೆಯಲು ಕೈ ಬರಲಿಲ್ಲ. 'ಚಪ್ಪಟೆ' ಎಂದರೆ ಯಾರೋ ಲಾರಿ ಕೆಳಗೆ ಸಿಕ್ಕ ಹಾಗೆ. 'ಬೋಳು' ಎಂದರೆ ಕಾರ್ಯದರ್ಶಿಗಳ ತಲೆ ನೆನಪಾಗುತ್ತದೆ. ಹೀಗೆ ಯೋಚಿಸಿ ಯೋಚಿಸಿ, ಗಂಭೀರವಾದ ಒಂದು ಪದ ಹುಡುಕಿ ಟೈಪ್ ಮಾಡಿದ: 'ಸದರಿ ಪಂದ್ಯಕ್ಕೆ ಸಿದ್ಧಪಡಿಸುವ ಪಿಚ್ ಸಂಪೂರ್ಣ ಸಮವಾಗಿರತಕ್ಕದ್ದು. ತಪ್ಪಿದಲ್ಲಿ ಸಂಬಂಧಪಟ್ಟವರೇ ಹೊಣೆ.' ಕಾರ್ಯದರ್ಶಿಗಳು ಬಂದವರೇ ಓದದೆ ಸಹಿ ಹಾಕಿದರು. ಓದಿ ಸಹಿ ಹಾಕುವ ಅಭ್ಯಾಸವಿದ್ದವರು ಕಾರ್ಯದರ್ಶಿ ಆಗುವುದಿಲ್ಲ.

ಪಿಚ್ಚಣ್ಣ ಕಾಗದವನ್ನು ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಇನ್ನೊಮ್ಮೆ ಓದಿದ. ಹೆಂಡತಿ ಹಿಟ್ಟು ಕಲಸುತ್ತಿದ್ದಳು.

"ಏನ್ರೀ ಅದು, ಮಂತ್ರ ಹೇಳ್ದಂಗೆ ಹೇಳ್ತಿದೀರಲ್ಲ?"

"ಪಿಚ್ ಸಮವಾಗಿರಬೇಕಂತೆ."

"ಇರಲಿ. ಅದಕ್ಕೇನೀಗ?"

"ಸಮ ಅಂದ್ರೆ ಏನೇ?"

ಹೆಂಡತಿ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದಳು, ಜ್ವರ ಬಂದಿದೆಯೋ ಎನ್ನುವ ಹಾಗೆ. "ಸಮ ಅಂದ್ರೆ ಸಮ. ಮೊಮ್ಮಕ್ಕಳಿಬ್ಬರಿಗೂ ಸಮ ಬಡಿಸು ಅಂದ್ರೆ ನಾನೇನು ತಟ್ಟೇಲಿ ಚಪ್ಪಟೆ ಮಾಡಿ ಬಡಿಸ್ತೀನಾ? ಅವನಿಗಿಷ್ಟು, ಇವಳಿಗಿಷ್ಟು. ಅಷ್ಟೂ ತಿಳಿಯಲ್ವಾ?"

ಪಿಚ್ಚಣ್ಣ ಕಾಗದವನ್ನು ನಾಲ್ಕಾಗಿ ಮಡಚಿ ಶರ್ಟಿನ ಒಳಜೇಬಿಗೆ ಸೇರಿಸಿದ. "ತಿಳೀತು ಬಿಡು" ಎಂದ.

"ಏನು ತಿಳೀತು?"

"ಮನೆ ಹೋಗುತ್ತೆ."

ಹಿಟ್ಟಿನ ಕೈ ಒಂದು ಗಳಿಗೆ ನಿಂತಿತು. ಹೆಂಡತಿ ಕಿಟಕಿಯಾಚೆ ನೋಡಿದಳು. ಅಲ್ಲಿ ಪಿಚ್ ಬೆಳ್ಳಗೆ ಬೋರಲು ಬಿದ್ದಿತ್ತು. "ಹೋದ್ರೆ ಹೋಗ್ಲಿ" ಎಂದಳು. "ಆ ಬಾಗಿಲು ತೆಗೆಯೋ ಪೀಡೆ ತಪ್ಪುತ್ತೆ."

*

ಮೂರು ವಾರ ಪಿಚ್ಚಣ್ಣ ಮತ್ತೆ ಮಣ್ಣಿನ ಜೊತೆ ಮಾತಾಡಿದ. ಹುಲ್ಲನ್ನು ಬೆಳೆಯಬಿಟ್ಟು, ಬೇಕಾದಷ್ಟೇ ಕತ್ತರಿಸಿದ. ನೀರು ಆಳಕ್ಕೆ ಇಳಿಯುವ ಹಾಗೆ ನಿಧಾನವಾಗಿ ಕೊಟ್ಟ. ಭಾರದ ರೋಲರನ್ನು ಎರಡು ದಿನ ಮೊದಲೇ ನಿಲ್ಲಿಸಿ, ಹಗುರದ್ದನ್ನು ಹಾಯಿಸಿದ. ಕಾರ್ಯದರ್ಶಿಗಳು ಅತ್ತ ಬರಲಿಲ್ಲ. ಪೆಂಡಾಲು, ಹೂಗುಚ್ಛ, ಭಾಷಣಗಳ ಭರಾಟೆಯಲ್ಲಿದ್ದರು. ಪಿಚ್ ನೋಡುವುದಕ್ಕೆ ಪುರುಸೊತ್ತು ಎಲ್ಲಿ?

ಅವನ ಮನಸ್ಸಿನಲ್ಲಿ ಚುಚ್ಚುತ್ತಿದ್ದದ್ದು ಒಂದೇ. ಇದು ಅಳಿಯನಿಗಾಗಿ ಮಾಡಿದ್ದು ಎಂದು ಊರು ಆಡಿಕೊಳ್ಳುತ್ತದೆ. ಊರು ಹೋಗಲಿ, ತನಗೇ ಗೊತ್ತಿತ್ತೇ? ಒಂದು ಮಧ್ಯಾಹ್ನ ನೀರಿನ ಪೈಪು ಕೈಯಲ್ಲಿತ್ತು. ಅಳಿಯ ಓಡಿ ಬರುವ ತುದಿಯಿಂದ ಚೆಂಡು ಬೀಳುವ ಜಾಗ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಅಲ್ಲಿ ಎರಡು ನಿಮಿಷ ಹೆಚ್ಚಿಗೆ ನೀರು ಬಿಟ್ಟರೆ ಯಾವ ಅಂಪೈರಿಗೂ ತಿಳಿಯುವುದಿಲ್ಲ. ಪೈಪು ಅಲ್ಲೇ ನಿಂತಿತು. ಆಮೇಲೆ ಪಿಚ್ಚಣ್ಣ ತನಗೆ ತಾನೇ ಗಟ್ಟಿಯಾಗಿ, "ಥೂ, ಸಮ ಅಂತ ಬರೆದಿದೆ" ಎಂದು ಪೈಪನ್ನು ಸರಿಸಿದ.

ಸ್ಕೋರ್‌ಬೋರ್ಡಿನವನು ಮೇಲಿನಿಂದ ನೋಡಿ ಹೆಂಡತಿಗೆ ಹೇಳಿದನಂತೆ: "ಮತ್ತೆ ಶುರುವಾಯ್ತು ನೋಡು. ಈಗ ಮಣ್ಣಿಗೆ ಬೈತಿದಾನೆ."

ಪಂದ್ಯದ ಬೆಳಿಗ್ಗೆ ಬೀಗದ ಕೈ ಒತ್ತಿದ. ಅರ್ಧ ಉಗುರು ಇಳಿಯಿತು.

*

ಹನ್ನೊಂದು ವರ್ಷದ ಮೇಲೆ ಮಣ್ಣು ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಅಳಿಯನೂ ಯೋಚಿಸಿರಲಿಲ್ಲ. ಅವನ ಮೊದಲ ಚೆಂಡು ನೆಲಕ್ಕೆ ತಾಗಿ ಒಂದು ಗೇಣು ಹೊರಗೆ ಹೋಯಿತು. ಮುನ್ನೂರು ಬ್ಯಾಟನ್ನು ಅದು ಬರಬೇಕಾಗಿದ್ದ ಕಡೆ ಬೀಸಿ, ಬರಲಿಲ್ಲವಲ್ಲ ಎಂದು ನೋಡಿದ. ಅಳಿಯನೂ ಅದೇ ಜಾಗವನ್ನು ನೋಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಳೆದುಹೋದ ದನ ಎಷ್ಟೋ ವರ್ಷಕ್ಕೆ ಹಿತ್ತಿಲಲ್ಲಿ ಕಂಡ ಹಾಗೆ.

ಆಮೇಲೆ ಅಳಿಯನಿಗೆ ಹುಚ್ಚೇ ಹಿಡಿಯಿತು. ಚೆಂಡು ಅಲುಗಾಡುತ್ತದೆ ಎಂಬ ಖುಷಿಗೆ ಏಳು ಓವರ್ ಎಲ್ಲೆಲ್ಲೋ ಎಸೆದ. ಕಿಟಕಿಯಲ್ಲಿ ನಿಂತಿದ್ದ ಮಗಳು ಹಣೆ ಚಚ್ಚಿಕೊಂಡಳು. "ಇವರಿಗೆ ಒಳ್ಳೆ ಪಿಚ್ ಕೊಟ್ರೂ ಅಷ್ಟೇನಾ!"

"ಹಸಿದವರ ಮುಂದೆ ತಟ್ಟೆ ಇಟ್ರೆ ಮೊದಲ ತುತ್ತು ಗಂಟಲಿಗೆ ಸಿಕ್ಕೊಳ್ಳುತ್ತೆ ಕಣೇ" ಎಂದಳು ತಾಯಿ. "ತಡಿ."

ಊಟದ ಬಿಡುವಿನ ನಂತರ ತುತ್ತು ಇಳಿಯಿತು. ಅಳಿಯನಿಗೆ ನಾಲ್ಕು ವಿಕೆಟ್. ಸ್ಕೋರ್‌ಬೋರ್ಡಿನವನು ಏಳನೆಯ ತಗಡು ಬಿಡಿಸಲು ಒದ್ದಾಡಿ, ಕೆಳಗೆ ಇಣುಕಿ ಕೂಗಿದ: "ಪಿಚ್ಚಣ್ಣಾ, ಒಂಚೂರು ಎಣ್ಣೆ ಕಳಿಸೋ!" ಕಾರ್ಯದರ್ಶಿಗಳ ತಂಡ ನೂರ ಎಂಬತ್ತೇಳಕ್ಕೆ ಔಟು. ಮುನ್ನೂರು ನಲವತ್ತೊಂದು ಹೊಡೆದ. ಮೈಯೆಲ್ಲ ಪೆಟ್ಟು, ಬೆರಳು ಬಾವು. ಅವನ ಜೀವನದಲ್ಲಿ ಅವನು ನಿಜವಾಗಿ ಆಡಿದ ಮೊದಲ ಇನಿಂಗ್ಸ್ ಅದು. ಹಿಂದಿರುಗುವಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುನ್ನೂರಕ್ಕೂ ಎದ್ದು ನಿಲ್ಲದಿದ್ದವರು ನಲವತ್ತಕ್ಕೆ ಯಾಕೆ ನಿಂತರೆಂದು ಅವನಿಗೆ ತಿಳಿಯಲೇ ಇಲ್ಲ, ಪಾಪ.

ವರ್ಕ್‌ಶಾಪ್ ತಂಡ ಇನ್ನೂರ ಒಂದು. ಕಾರ್ಯದರ್ಶಿಗಳ ತಂಡ ಮತ್ತೆ ಇನ್ನೂರ ಇಪ್ಪತ್ತನಾಲ್ಕು. ಅಳಿಯನಿಗೆ ಮತ್ತೆ ನಾಲ್ಕು. ಕೊನೆಯ ದಿನ ವರ್ಕ್‌ಶಾಪಿಗೆ ಗೆಲ್ಲಲು ಇನ್ನೂರ ಹನ್ನೊಂದು ಬೇಕು. ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿ ದರ್ಜಿ ಅಂಗಡಿ ಮುಚ್ಚಿ ಬಂದಿದ್ದ, ಬ್ಯಾಂಕಿನವರು ಊಟಕ್ಕೆ ಹೋದವರು ಹಿಂದಿರುಗಿರಲಿಲ್ಲ. ಸಿಕ್ಸರ್ ಬೋರ್ಡಿನಲ್ಲಿ ಅಂಕಿ ಆರು. ಯಾರೂ ಅತ್ತ ನೋಡಲಿಲ್ಲ. ಪಿಚ್‌ಗೆ ಈಗ ವಯಸ್ಸಾಗಿತ್ತು, ಬಿರುಕು ಬಿಟ್ಟು ಎದುರು ಮಾತಾಡುತ್ತಿತ್ತು. ಒಂಬತ್ತು ವಿಕೆಟ್ ಬಿತ್ತು. ಸ್ಕೋರ್‌ಬೋರ್ಡಿನವನು ಆ ತಗಡನ್ನು ಎದೆಗೆ ಒರೆಸಿ ನೇತುಹಾಕಿದ. ಇನ್ನು ಐದು ರನ್. ಆಡಲು ಬಂದವನು ಅಳಿಯ.

ಸ್ಪಿನ್ನರ್ ಹಾಕಿದ ಚೆಂಡು ಬಿರುಕಿಗೆ ಬಿದ್ದು, ಅಳಿಯನ ಬ್ಯಾಟನ್ನು ಸುತ್ತು ಹಾಕಿ ಬೇಲ್ಸ್ ಎತ್ತಿಕೊಂಡು ಹೋಯಿತು. ನಾಲ್ಕು ರನ್ನಿನಿಂದ ಗೆದ್ದದ್ದು ಕಾರ್ಯದರ್ಶಿಗಳ ತಂಡ.

ಅಳಿಯ ನೇರ ಮಾವನ ಹತ್ತಿರ ಬಂದ. ಕಣ್ಣಲ್ಲಿ ನೀರು, ಮುಖದ ತುಂಬ ನಗು. "ಏನ್ ಮಾವ, ಎಂಟು ವಿಕೆಟ್ ಕೊಟ್ಟು ಕೊನೆಗೆ ನನ್ನದೇ ತೆಗೆದ್ರಲ್ಲ!"

"ಅದೇ ಅಳಿಯಂದಿರೇ, ಸಮ" ಎಂದ ಪಿಚ್ಚಣ್ಣ.

*

ಗೆದ್ದರೂ ಕಾರ್ಯದರ್ಶಿಗಳ ಮುಖ ಹರಳೆಣ್ಣೆ ಕುಡಿದಂತಿತ್ತು. ಮಾರನೆಯ ದಿನ ವಿಚಾರಣೆ. ಮೇಜಿನ ಮೇಲೆ ಕಪ್ಪು, ಕಪ್ಪಿನ ಹಿಂದೆ ಕಾರ್ಯದರ್ಶಿಗಳು.

"ನಾಲ್ಕು ದಿನಕ್ಕೆ ಆರು ಸಿಕ್ಸರ್! ಅತಿಥಿಗಳ ಮುಂದೆ ನನ್ನ ಮರ್ಯಾದೆ ಮಣ್ಣುಪಾಲು! ಅಳಿಯನಿಗೋಸ್ಕರ ಪಿಚ್ ಮಾಡಿದೀರಿ ನೀವು."

"ಅಳಿಯ ಸೋತನಲ್ಲ ಸಾರ್."

"ಆ ಮಾತು ಬೇಡ. ನಾನು ಬರೆದು ಕೊಟ್ಟಿರಲಿಲ್ವಾ?"

ಪಿಚ್ಚಣ್ಣ ಒಳಜೇಬಿನಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ, ಕಪ್ಪಿನ ಪಕ್ಕದಲ್ಲಿಟ್ಟ. "ಕೊಟ್ಟಿದ್ರಿ ಸಾರ್. ಸಂಪೂರ್ಣ ಸಮ ಅಂತ. ಮೊದಲ ದಿನ ಬೌಲರಿಗೆ, ನಡುವೆ ಬ್ಯಾಟ್ಸ್‌ಮನ್‌ಗೆ, ಕೊನೇಲಿ ಇಬ್ಬರಿಗೂ. ಅಂತರ ನಾಲ್ಕೇ ರನ್. ಇದಕ್ಕಿಂತ ಸಮ ನನ್ನ ಕೈಲಾಗಲ್ಲ."

ಕಾರ್ಯದರ್ಶಿಗಳು ತಾವು ಸಹಿ ಹಾಕಿದ್ದನ್ನು ಮೊದಲ ಸಲ ಓದಿದರು. ಆಮೇಲೆ ಗುಮಾಸ್ತನ ಕಡೆ ತಿರುಗಿದರು. "ಸಮ ಅಂದ್ರೆ ಏನ್ರೀ?"

ಗುಮಾಸ್ತ ಎದ್ದು ನಿಂತ. "ಅದಕ್ಕೆ ಎರಡು ಅರ್ಥ ಇದೆ ಸಾರ್. ಒಂದು, ಏರುತಗ್ಗು ಇಲ್ಲದ್ದು. ಇನ್ನೊಂದು..."

"ಸಾಕು ಕೂತ್ಕೊಳ್ಳಿ!"

ತೀರ್ಮಾನ ಬೇಗ ಆಯಿತು. 'ಪಿಚ್ ತೃಪ್ತಿಕರವಾಗಿರಲಿಲ್ಲ' ಎಂಬ ಷರಾ. ಕೆಲಸ ಮುಂದುವರಿಸುವ ಮಾತಿಲ್ಲ. ಹದಿನೈದು ದಿನದೊಳಗೆ ಮನೆ ಖಾಲಿ. ಅವನ ಜಾಗಕ್ಕೆ ಬಂದವನು ತರಬೇತಿ ಪಡೆದವನು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದವನು. ಬೀರುವಿನ ಯಂತ್ರಕ್ಕೆ ಕೊನೆಗೂ ಬಿಡುಗಡೆಯಾಗಲಿತ್ತು.

ಅಳಿಯ ತಂಡದಲ್ಲಿ ಉಳಿದ. ವರ್ಕ್‌ಶಾಪ್ ಹತ್ತಿರದ ತನ್ನ ಎರಡು ಕೋಣೆಯಲ್ಲಿ ಒಂದನ್ನು ಅತ್ತೆಮಾವನಿಗೆ ಬಿಟ್ಟುಕೊಟ್ಟ. "ಮನೆ ಅಳಿಯ ಕೇಳಿದ್ದೆವು, ಇವನು ಮನೆ ಮಾವ" ಎಂದು ಸಾಲಿನ ಐದು ಮನೆಯವರೂ ನಕ್ಕರು. ನಕ್ಕವರೇ ಬೆಳಿಗ್ಗೆ ಬಂದು ಸಾಮಾನು ಎತ್ತಿಕೊಟ್ಟರು. ಗೇಟು ಕಾಯುವವನ ಅತ್ತೆ ಪಿಚ್ಚಣ್ಣನ ಹೆಂಡತಿಯ ಕೈ ಹಿಡಿದುಕೊಂಡು, "ಇನ್ನು ನಾವು ಯಾರ ಬಗ್ಗೆ ಮಾತಾಡೋದೇ?" ಎಂದು ಕಣ್ಣೊರೆಸಿಕೊಂಡಳು.

ಮಂಚ, ಪಾತ್ರೆ, ಟ್ರಂಕು ಎಲ್ಲ ಸಣ್ಣ ಲಾರಿಗೆ ಏರಿತು. ಹೆಂಡತಿ ಮುಂದಿನ ಸೀಟಿನಲ್ಲಿ ಕೂತು, "ಬರ್ತೀರೋ, ಕರೆಯೋಕೆ ಮಣ್ಣನ್ನೇ ಕಳಿಸಬೇಕೋ?" ಎಂದಳು. ಪಿಚ್ಚಣ್ಣ ಒಬ್ಬನೇ ಒಳಗೆ ಹೋದ. ಅಡುಗೆಮನೆಯ ಕಿಟಕಿಯಿಂದ ನೋಡಿದ. ಹೊಸಬನು ಭಾರದ ರೋಲರ್ ತರಿಸಿದ್ದ. ಅದು ಗರಗರ ಎನ್ನುತ್ತ ಹೋಗುತ್ತಿತ್ತು, ಬರುತ್ತಿತ್ತು. ಕಿಟಕಿ ಮುಚ್ಚಿದ. ಹೊರಗೆ ಬಂದು, ಬಾಗಿಲೆಳೆದು, ಕೈಯನ್ನು ಒಂಚೂರು ಮೇಲೆತ್ತಿ ತಿರುಗಿಸಿದ. ಬೀಗ ಕ್ಲಕ್ ಎಂದಿತು.

ಮನೆ ವಶಕ್ಕೆ ತೆಗೆದುಕೊಳ್ಳಲು ಬಂದಿದ್ದವನು ಅದೇ ಗುಮಾಸ್ತ. ಬೀಗದ ಕೈಯನ್ನು ಹಿಡಿದು ತಿರುಗಿಸಿ ಮುರುಗಿಸಿ ನೋಡಿದ. "ಇದೇನಣ್ಣಾ, ತುದಿನೇ ಇಲ್ವಲ್ಲ?"

"ಇದೆ. ಪಿಚ್‌ನಲ್ಲಿದೆ" ಎಂದು ಪಿಚ್ಚಣ್ಣ ಮೆಟ್ಟಿಲಿಳಿದ.

ಲಾರಿ ಹತ್ತುವ ಹೊತ್ತಿಗೆ ಹಿಂದಿನಿಂದ ಬಾಗಿಲು ಗುದ್ದುವ ಸದ್ದು. ಗುಮಾಸ್ತ ಒಳಗಿನ ಗೋಡೆ, ನಲ್ಲಿ ಎಲ್ಲ ಪರೀಕ್ಷಿಸಿ ವರದಿ ಬರೆಯಬೇಕಿತ್ತು. ಬಾಗಿಲು ಜಪ್ಪಯ್ಯ ಎಂದರೂ ತೆರೆಯುತ್ತಿರಲಿಲ್ಲ. "ಅಣ್ಣಾ, ತಿರುಗ್ತಾನೇ ಇಲ್ಲ!" ಎಂದು ಕೂಗಿದ.

ಪಿಚ್ಚಣ್ಣ ಲಾರಿಯ ಹಲಗೆ ಹಿಡಿದುಕೊಂಡೇ ತಿರುಗಿದ. "ಸಮ ಹಿಡೀರಿ ಸ್ವಾಮಿ! ಸಮ ಹಿಡಿದ್ರೆ ತಿರುಗುತ್ತೆ!"

ಗುಮಾಸ್ತನ ಕೈ ಬೀಗದ ಮೇಲೇ ನಿಂತಿತು. ಒಮ್ಮೆ ಸುಟ್ಟುಕೊಂಡವನು, ಪಾಪ.

"ಯಾವ ಸಮ ಅಣ್ಣಾ?" ಎಂದು ಕೇಳಿದ.

ಲಾರಿ ಹೊರಟಿತು.